ಒಣಮರದ ಕೆಳಗಿನ ಇಬ್ಬರು

ಆ ಊರಿನಲ್ಲಿ ಪ್ರೇಮದ ಮಾತುಗಳನ್ನು ಎಲ್ಲರಿಗಿಂತ ಹೆಚ್ಚು ಸಲ ಆಡಿದವಳು ಪಿಸುಅತ್ತೆ. ಆಡಿದ್ದೆಲ್ಲ ಪಿಸುದನಿಯಲ್ಲಿ, ಅದೂ ಬೇರೆಯವರ ಬಾಯಿಗೆ ಹಾಕಲಿಕ್ಕೆ. ಅವಳು ನಾಟಕ ಕಂಪನಿಯ ಪ್ರಾಂಪ್ಟರ್. ನಟರು ಮಾತು ಮರೆತು ಕಣ್ಣುಕಣ್ಣು ಬಿಡುವಾಗ ಮುಂದಿನ ಸಾಲನ್ನು ಮೆಲ್ಲಗೆ ಎತ್ತಿಕೊಡುವುದು ಅವಳ ಕೆಲಸ.

ಅವಳು ಕೂರುತ್ತಿದ್ದದ್ದು ರಂಗದ ಮುಂದಂಚಿನ ನಟ್ಟನಡುವೆ ಇದ್ದ ಒಂದು ಮರದ ಗೂಡಿನಲ್ಲಿ. ಜನರ ಕಡೆಗೆ ಅದರ ಬೆನ್ನು, ನಟರ ಕಡೆಗೆ ಬಾಯಿ. ಹೊಸದಾಗಿ ನಾಟಕ ನೋಡಲು ಬಂದವರು ಅದನ್ನು ನಾಯಿಮನೆ ಎಂದು ತಿಳಿದು, ಕೊನೆಯವರೆಗೂ ನಾಯಿ ಯಾವಾಗ ಹೊರಗೆ ಬರುತ್ತದೆಂದು ಕಾಯುತ್ತಿದ್ದರು. ಗೂಡಿನೊಳಗೆ ಪಿಸುಅತ್ತೆಯ ತಲೆ ಮಾತ್ರ ರಂಗದ ಮಟ್ಟಕ್ಕೆ ಬರುತ್ತಿತ್ತು. ಮಿಕ್ಕ ಪಿಸುಅತ್ತೆಯೆಲ್ಲ ರಂಗದಡಿಯ ಕತ್ತಲಲ್ಲಿ, ಒಂದು ಎತ್ತರದ ಸ್ಟೂಲಿನ ಮೇಲೆ. ಗೂಡಿನ ಹಿಂಬದಿಯನ್ನು ಚಿಪ್ಪಿನ ಹಾಗೆ ಬಾಗಿಸಿ ಮಾಡಿದ್ದರಿಂದ ಒಳಗೆ ಉಸುರಿದ ಮಾತು ನೇರ ನಟರ ಕಿವಿಗೆ ಹೋಗುತ್ತಿತ್ತು. ಮೊದಲನೆಯ ಸಾಲಿನಲ್ಲಿ ಕೂತವರಿಗೂ ಕೇಳಿಸುತ್ತಿರಲಿಲ್ಲ. ಅದನ್ನು ಹಾಗೆ ಬಾಗಿಸಿದವನು ಕಂಪನಿಯ ಬಡಗಿ. ಅವನ ವಿಷಯ ಮುಂದೆ ಬರುತ್ತದೆ. ಎಲ್ಲದರಲ್ಲೂ ಅವನು ಸ್ವಲ್ಪ ತಡವಾಗಿಯೇ ಬರುವವನು.

ಕಂಪನಿ ಅವಳ ಅಣ್ಣನದು. ಅಣ್ಣ ಬದುಕಿದ್ದಷ್ಟು ದಿನ ಒಂದೇ ಕಾನೂನು: "ಗೂಡಿಂದ ಏನು ಬಂತೋ ಅದನ್ನ ಆಡಿ. ಯೋಚನೆ ಮಾಡೋಕೆ ನಾನಿದೀನಿ." ನಟರು ಈ ಕಾನೂನನ್ನು ಮೈಗೂಡಿಸಿಕೊಂಡಿದ್ದ ಪರಿ ಹೇಗಿತ್ತೆಂದರೆ, ಒಮ್ಮೆ ಪಿಸುಅತ್ತೆ ಸೇನಾಪತಿಯ ಪಾತ್ರದವನಿಗೆ "ಮೀಸೆ ಕಿತ್ಕೊಂಡು ಬರ್ತಿದೆ" ಎಂದು ಎಚ್ಚರಿಸಿದಾಗ, ಅವನು ಕತ್ತಿ ಹಿರಿದು "ಮೀಸೆ ಕಿತ್ತುಕೊಂಡು ಬರುತ್ತಿದೆ, ಮಹಾಪ್ರಭು!" ಎಂದು ಗರ್ಜಿಸಿದ್ದ. ಮಹಾಪ್ರಭು ಒಂದಿಷ್ಟೂ ಅಳುಕದೆ "ಹಾಗಾದರೆ ಯುದ್ಧವೇ ಸರಿ" ಎಂದಿದ್ದ. ಜನ ಚಪ್ಪಾಳೆ ತಟ್ಟಿದ್ದರು.

ಕಂಪನಿಯ ಹೊಟ್ಟೆ ಹೊರೆದದ್ದು ಒಂದೇ ನಾಟಕ, ಒಣಮರದ್ದು. ಕತೆ ಇಷ್ಟು. ಒಬ್ಬ ಯುವರಾಣಿ, ಅವಳ ಅಂಗಳದಲ್ಲೊಂದು ಒಣಮರ. ನೆರೆರಾಜ್ಯದ ಯುವರಾಜ ಬಂದು ಮಂಡಿಯೂರಿ, ನೀನಿಲ್ಲದೆ ನಾನಿಲ್ಲ ಅನ್ನುತ್ತಾನೆ. ಅವಳಿಗೂ ಒಳಗೊಳಗೆ ಅದೇ ಆಸೆ. ಆದರೆ ಕೂಡಲೇ ಒಪ್ಪಿಬಿಟ್ಟರೆ ಎರಡನೆಯ ಅಂಕಕ್ಕೇ ಎಲ್ಲರೂ ಮನೆಗೆ ಹೋಗಬೇಕಾಗುತ್ತದೆ. ಆದ್ದರಿಂದ "ಹೋಗು, ಈ ಒಣಮರ ಹೂ ಬಿಟ್ಟ ದಿನ ಬಾ" ಅನ್ನುತ್ತಾಳೆ. ಆ ಪುಣ್ಯಾತ್ಮ ಹೋಗಿಯೇಬಿಡುತ್ತಾನೆ. ಮೂರು ಮತ್ತು ನಾಲ್ಕನೆಯ ಅಂಕಗಳಲ್ಲಿ ಅವನು ಕಾಡಿನಲ್ಲಿ ಹಾಡುತ್ತಾನೆ, ಇವಳು ಕಿಟಕಿಯಲ್ಲಿ ಹಾಡುತ್ತಾಳೆ. ಅರಮನೆ ತುಂಬ ಆಳುಗಳಿದ್ದರೂ ಯಾರನ್ನೂ ಕಳಿಸಿ ವಿಚಾರಿಸುವ ಯೋಚನೆ ಇಬ್ಬರಿಗೂ ಬರುವುದಿಲ್ಲ. ಐದನೆಯ ಅಂಕದಲ್ಲಿ ಕಾದು ಕಾದು ಅವಳು ಕಲ್ಲಾಗುತ್ತಾಳೆ. ಕಲ್ಲಾದ ಮರುಗಳಿಗೆಯೇ ಮರ ಹೂ ಬಿಡುತ್ತದೆ; ಅದಕ್ಕೆ ಒಂದು ಗಳಿಗೆ ಮುಂಚೆ ಬಿಡಲು ಏನು ದಾಡಿಯಾಗಿತ್ತೋ ಯಾರೂ ಕೇಳಿಲ್ಲ. ಯುವರಾಜ ಓಡಿಬಂದು ಕಲ್ಲನ್ನು ತಬ್ಬಿ ತಾನೂ ಕಲ್ಲಾಗುತ್ತಾನೆ. ಪರದೆ. ಜನ ಮೂಗೊರೆಸಿಕೊಳ್ಳುತ್ತ ಕುರ್ಚಿ ಕೆಳಗೆ ಛತ್ರಿ ಹುಡುಕುತ್ತಾರೆ.

ಯುವರಾಜರು ಬದಲಾಗುತ್ತ ಬಂದರು. ಯುವರಾಣಿ ಮಾತ್ರ ಮೊದಲಿನವಳೇ. ಕಂಪನಿಯವರು ಅವಳನ್ನು ರಾಣಿಯಮ್ಮ ಎಂದು ಕರೆಯುತ್ತಿದ್ದರು. ಮೊಮ್ಮಕ್ಕಳಾದ ಮೇಲೂ ಹದಿನೆಂಟರ ಲಂಗ ತೊಟ್ಟು, ಒಂದು ಕಿವಿ ಮಂದವಾದ ಮೇಲೂ ಇನ್ನೊಂದನ್ನು ಗೂಡಿನ ಕಡೆಗಿಟ್ಟುಕೊಂಡು, ಅವಳು ಪ್ರತಿ ಪ್ರದರ್ಶನದಲ್ಲೂ ಕಲ್ಲಾಗುತ್ತಿದ್ದಳು. ಈಗಿನ ಯುವರಾಜ ಹಗಲು ಪಾದರಕ್ಷೆ ಅಂಗಡಿಯಲ್ಲಿ ಕೆಲಸ ಮಾಡುವವನು. ದಿನವಿಡೀ ಗಿರಾಕಿಗಳ ಕಾಲ ಬಳಿ ಮಂಡಿಯೂರಿ ರೂಢಿಯಾಗಿದ್ದರಿಂದ ಎರಡನೆಯ ಅಂಕ ಅವನಿಗೆ ಲೀಲಾಜಾಲ.

ಮರ ಹೂ ಬಿಡಿಸುತ್ತಿದ್ದವನು ಬಡಗಿ. ಮರ ನಿಲ್ಲುತ್ತಿದ್ದದ್ದು ಗೂಡಿಗೆ ಒತ್ತಿಕೊಂಡೇ. ಟೊಂಗೆಗಳ ಒಳಗೆ ಮಡಿಸಿಟ್ಟ ಕಾಗದದ ಹೂಗಳು, ಅವುಗಳಿಂದ ಇಳಿದುಬಂದ ಎರಡು ಹಗ್ಗ, ಎಡಗೈಗೊಂದು ಬಲಗೈಗೊಂದು. ಎರಡನ್ನೂ ಒಟ್ಟಿಗೆ ಎಳೆದರೆ ಇಡೀ ಮರ ಪಟಪಟನೆ ಅರಳುತ್ತಿತ್ತು. ನಾಟಕ ಶುರುವಾದ ಮೇಲೆ ರಂಗದಡಿಯ ಬಾಗಿಲು ತೆರೆದರೆ ಬೆಳಕು ಬೀಳುತ್ತದೆಂದು ಅವನೂ ಮೊದಲ ಗಂಟೆಗೇ ಒಳಗೆ ಹೋಗಿ, ಅವಳ ಸ್ಟೂಲಿನ ಪಕ್ಕ ತನ್ನದೊಂದು ಸ್ಟೂಲು ಹಾಕಿಕೊಂಡು ಕೂರಬೇಕು. ಹೀಗಾಗಿ ಮೇಲೆ ಪ್ರೇಮಿಗಳು ಅಗಲಿ ಹಾಡುವಷ್ಟು ಹೊತ್ತೂ ಕೆಳಗೆ ಇವರಿಬ್ಬರು ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಿದ್ದರು. ಮೇಲಿನ ಪ್ರೇಮಕ್ಕೆ ಹಾಡಿತ್ತು, ಬಣ್ಣದ ದೀಪವಿತ್ತು. ಕೆಳಗಿನದಕ್ಕೆ ಅಂಟಿನ ವಾಸನೆ ಮತ್ತು ಸೊಳ್ಳೆ.

ಸೊಳ್ಳೆಯದೂ ಒಂದು ಕತೆಯಿದೆ. ಮೊದಮೊದಲು ಹಗ್ಗ ಎಳೆಯುವ ಗಳಿಗೆ ಬಂದಾಗ ಪಿಸುಅತ್ತೆ ಬಡಗಿಯ ಮಣಿಕಟ್ಟಿನ ಮೇಲೆ ಒಂದು ಸಲ ತಟ್ಟುತ್ತಿದ್ದಳು. ಅದೇ ಸನ್ನೆ. ಒಂದು ಸಂಜೆ ಎರಡನೆಯ ಅಂಕದಲ್ಲೇ ಅವನ ಮಣಿಕಟ್ಟಿನ ಮೇಲೆ ಸೊಳ್ಳೆ ಕೂತಿತು. ಅವಳು ಪಟ್ಟನೆ ಹೊಡೆದಳು. ಅವನು ಎಳೆದ. ಯುವರಾಣಿ "ಈ ಒಣಮರ ಹೂ ಬಿಟ್ಟ ದಿನ ಬಾ" ಅನ್ನುತ್ತಿದ್ದಂತೆ, ಬಾ ಅನ್ನುವ ಅಕ್ಷರದ ಮೇಲೆಯೇ ಮರ ಮೈತುಂಬ ಹೂ ಬಿಟ್ಟಿತು. ಬಾಗಿಲವರೆಗೂ ಹೋಗದ ಯುವರಾಜ ಅಲ್ಲೇ ತಿರುಗಿ "ಬಂದೆ" ಎಂದ. ಸಭೆ ಎದ್ದು ನಿಂತು ಶಿಳ್ಳೆ ಹಾಕಿತು. ಅಷ್ಟು ಸಂತೋಷದಿಂದ ಜನ ಆ ಚಿತ್ರಮಂದಿರದಂಥ ಹಳೇ ಹಾಲಿನಿಂದ ಹೊರಗೆ ಹೋದದ್ದು ಅದೊಂದೇ ದಿನ.

"ನನ್ನ ದುರಂತಾನ ಒಂದು ಸೊಳ್ಳೆ ನುಂಗಿಬಿಡ್ತಲ್ಲೇ!" ಎಂದು ಅಣ್ಣ ತಲೆ ಚಚ್ಚಿಕೊಂಡ. ಮಾರನೆಯ ದಿನ ಹೊಸ ಅಪ್ಪಣೆ: "ಇನ್ಮೇಲೆ ತಟ್ಟೋದು ಗಿಟ್ಟೋದು ಬೇಡ. ಐದನೇ ಅಂಕ ಪೂರ್ತಿ ಅವನ ಕೈ ಹಿಡ್ಕೊಂಡು ಕೂತಿರು. ಬಿಟ್ಟಾಗ ಎಳೀಲಿ."

ಅಣ್ಣನಿಗೆ ಅದು ಬರೀ ಸುರಕ್ಷತೆಯ ಕ್ರಮ. ಅಂದಿನಿಂದ ಪ್ರತಿ ಪ್ರದರ್ಶನದ ಐದನೆಯ ಅಂಕದಲ್ಲಿ ಪಿಸುಅತ್ತೆ ಬಡಗಿಯ ಬಲಗೈ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಿದ್ದಳು. ರಾಣಿಯಮ್ಮ ಕಲ್ಲಾದ ಕೂಡಲೇ ಬಿಡುತ್ತಿದ್ದಳು. ಬಿಟ್ಟರೆ ಮರ ಹೂ ಬಿಡುತ್ತಿತ್ತು. ವರ್ಷಗಳು ಹೀಗೆ ಹೋದವು. ಹಿಡಿದುಕೊಂಡಿದ್ದಷ್ಟು ಹೊತ್ತು ಮರ ಒಣಗಿಯೇ ಇರಬೇಕು ಅನ್ನುವುದು ಎಂಥ ಏರ್ಪಾಡು ಎಂದು ಅವಳಿಗೆ ಒಮ್ಮೊಮ್ಮೆ ಅನಿಸುತ್ತಿತ್ತು. ಆದರೆ ಏರ್ಪಾಡು ಮಾಡಿದವನು ಅಣ್ಣ, ಮತ್ತು ಯೋಚನೆ ಮಾಡುವುದು ಅವನ ಇಲಾಖೆ.

ಒಂದು ಸಲ, ಇಬ್ಬರ ಕೂದಲೂ ಕಪ್ಪಗಿದ್ದ ಕಾಲದಲ್ಲಿ, ಮೂರನೆಯ ಅಂಕದ ಕಾಡಿನ ಹಾಡು ಮೇಲೆ ನಡೆಯುತ್ತಿದ್ದಾಗ ಬಡಗಿ ಕತ್ತಲಲ್ಲಿ ಗಂಟಲು ಸರಿಮಾಡಿಕೊಂಡ. ಅವಳ ಕೈಯಲ್ಲಿ ಸದಾ ನಾಟಕದ ಪುಸ್ತಕ ಇರುತ್ತಿದ್ದದ್ದರಿಂದ ಅವನು ಅವಳನ್ನು ಕರೆಯುತ್ತಿದ್ದದ್ದು ಪುಸ್ತಕದವರೇ ಎಂದು.

"ಪುಸ್ತಕದವರೇ, ನಿಮಗೊಂದು ಮಾತು..." ಎಂದ. ಅಷ್ಟಕ್ಕೆ ನಿಲ್ಲಿಸಿದ.

ಪ್ರಾಂಪ್ಟರ್ ಕಸುಬಿನಲ್ಲಿ ಮಹಾಪಾಪವೆಂದರೆ ಸಾಲನ್ನು ತಡವಾಗಿ ಕೊಡುವುದಲ್ಲ. ನಟ ಬೇಕೆಂದೇ ತೆಗೆದುಕೊಂಡ ವಿರಾಮಕ್ಕೆ ಅಡ್ಡಬಾಯಿ ಹಾಕುವುದು. ಒಳ್ಳೆಯ ನಟ ಮಾತಿನ ನಡುವೆ ನಿಲ್ಲುತ್ತಾನೆ, ಸಭೆ ಉಸಿರು ಹಿಡಿಯುತ್ತದೆ, ಆಗ ಗೂಡಿನಿಂದ ಸಾಲು ಹಾರಿಬಂದರೆ ಎಲ್ಲ ಕೆಟ್ಟಿತು. ಪಿಸುಅತ್ತೆ ಆ ಪಾಪವನ್ನು ಎಂದೂ ಮಾಡಿದವಳಲ್ಲ. ಬಡಗಿ ನಿಂತದ್ದು ವಿರಾಮ ಎಂದುಕೊಂಡಳು. ಸುಮ್ಮನೆ ಕೂತಳು. ಹಾಡು ಮುಗಿಯಿತು, ಅಂಕ ಮುಗಿಯಿತು, ಮಳೆಗಾಲ ಮುಗಿಯಿತು. ಅಣ್ಣ ತೀರಿಕೊಂಡ. ಅವಳು ವಿರಾಮವನ್ನು ಗೌರವಿಸುತ್ತಲೇ ಇದ್ದಳು.

ಅಣ್ಣನ ಮಗಳು ಕಂಪನಿಯ ಯಜಮಾನಿಯಾದಳು. ಅವಳಿಗೆ ನಲವತ್ತು ದಾಟಿತ್ತು, ಕನ್ನಡಕವಿತ್ತು, ನಟರನ್ನು ಗದರಿಸುವ ಗಂಟಲಿತ್ತು. ಅತ್ತೆಗೆ ಮಾತ್ರ ಇನ್ನೂ ಪುಟ್ಟಿ. ಅವಳು ಅತ್ತೆ ಅನ್ನುವುದನ್ನು ಕೇಳಿಯೇ ಇಡೀ ಕಂಪನಿ ಅತ್ತೆ ಅನ್ನತೊಡಗಿ, ಕಸುಬು ನೋಡಿ ಮುಂದೆ ಪಿಸು ಸೇರಿಸಿತ್ತು. ಪುಟ್ಟಿ ಬಂದ ಮೇಲೆ ಹಾಲಿನ ಮುಕ್ಕಾಲು ಕುರ್ಚಿಗಳು ಖಾಲಿಯಿರುವುದನ್ನು ನೋಡಿ, ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಹೇಳಿದಳು: "ಒಣಮರ ಈ ತಿಂಗಳಿಗೆ ಮುಗೀತು. ಅದೇ ಕತೇನ ಈಗಿನ ಕಾಲಕ್ಕೆ ಬರೆದಿದೀನಿ."

ಹೊಸ ನಾಟಕದಲ್ಲಿ ಯುವರಾಣಿ ಮೊಬೈಲ್ ಅಂಗಡಿಯಲ್ಲಿ ಸಿಮ್ ಮಾರುವ ಹುಡುಗಿ. ಯುವರಾಜ ಲಿಫ್ಟ್ ರಿಪೇರಿ ಮಾಡುವವನು. ಜಗಳವಾಗಿ ಅವಳು "ಹೋಗು" ಅನ್ನುತ್ತಾಳೆ, ಅವನು ಹೋಗುತ್ತಾನೆ. ಅವಳು ಕಳಿಸಿದ ಮೆಸೇಜಿಗೆ, ಅವನು ಓದಿದ ಗುರುತಾಗಿ, ಎರಡು ನೀಲಿ ಗೆರೆ ಬೀಳುತ್ತವೆ, ಉತ್ತರ ಬರುವುದಿಲ್ಲ. ಆಮೇಲೆ ಅವಳು ಬಸ್ಸು ಹತ್ತಿ ಅವನ ಮನೆಗೇ ಹೋಗಿ ಬಾಗಿಲು ತಟ್ಟಿ ಕೇಳುತ್ತಾಳೆ. ನಾಟಕ ಮುಗಿಯಿತು. ಯಾರೂ ಕಲ್ಲಾಗುವುದಿಲ್ಲ. ನಟರು ತಮ್ಮ ತಮ್ಮ ಮನೆಮಾತಿನಲ್ಲೇ ಆಡುತ್ತಾರೆ. ಮರೆತರೆ ಬಾಯಿಗೆ ಬಂದದ್ದನ್ನು ಆಡಬಹುದು. ಆದ್ದರಿಂದ ಗೂಡು ಬೇಡ. ಮರದ ಬದಲು ಬಸ್‌ಸ್ಟಾಪಿನ ಕಂಬ. ಆದ್ದರಿಂದ ಹಗ್ಗವೂ ಬೇಡ.

ಪಿಸುಅತ್ತೆ ತಾಲೀಮಿಗೆ ದಿನಾ ಬಂದು ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಳು.

"ಹೇಗಿದೆ ಅತ್ತೆ?" ಎಂದಳು ಪುಟ್ಟಿ.

"ಐದು ಅಂಕದ ಕತೇನ ಒಂದು ಬಸ್ ಟಿಕೆಟಲ್ಲಿ ಮುಗಿಸಿದೀಯ. ಕಾಯೋದೆಲ್ಲಿ ಕಣೇ? ಕಾಯೋದಿಲ್ದೆ ಪ್ರೀತಿ ಅಂತ ಹೇಗೆ ಗೊತ್ತಾಗತ್ತೆ?"

"ಕಾಯ್ತಾಳಲ್ಲ, ಬಸ್‌ಸ್ಟಾಪಲ್ಲಿ. ಆ ನಂಬರಿನ ಬಸ್ಸಿಗೆ ಕಾದು ನೋಡು ಒಂದಿನ, ನಿಮ್ಮ ಯುವರಾಣಿ ಏನೂ ಅಲ್ಲ."

"ತಮಾಷೆ ಬೇಡ."

"ತಮಾಷೆ ಅಲ್ಲ ಅತ್ತೆ. ಆ ಹಳೇ ನಾಟಕದಲ್ಲಿ ಇಬ್ರೂ ಎಷ್ಟೊಂದು ಮಾತಾಡ್ತಾರೆ. ಚಂದ್ರನ್ನ ಕೇಳ್ತಾರೆ, ಗಾಳೀನ ಕೇಳ್ತಾರೆ, ಜಿಂಕೇನೂ ಕೇಳ್ತಾರೆ. ಒಬ್ರನ್ನೊಬ್ರು ಮಾತ್ರ ಒಂದು ಪ್ರಶ್ನೆ ಕೇಳಲ್ಲ. ಚಿಕ್ಕೋಳಿದ್ದಾಗ ಸೈಡಲ್ಲಿ ನಿಂತ್ಕೊಂಡು ನೋಡ್ತಿದ್ನಲ್ಲ, ಓಡಿಹೋಗಿ ರಾಣಿಯಮ್ಮನ ಬೆನ್ನಿಗೆ ಒಂದು ಗುದ್ದು ಕೊಡೋಣ ಅನ್ನಿಸ್ತಿತ್ತು. ಕೇಳೇ, ಬಾಯಿಬಿಟ್ಟು ಕೇಳೇ ಅಂತ."

ಪಿಸುಅತ್ತೆ ಕತ್ತೆತ್ತಿ ನೋಡಿದಳು. ರಂಗದ ಮೇಲೆ ಸಿಮ್ ಮಾರುವ ಹುಡುಗಿ ಕೈಯಲ್ಲಿ ಫೋನು ಹಿಡಿದು, ಎರಡು ನೀಲಿ ಗೆರೆಗಳನ್ನು ನೋಡುತ್ತ ಸುಮ್ಮನೆ ನಿಂತಿದ್ದಳು. ಹಾಡಿಲ್ಲ, ಜಿಂಕೆಯಿಲ್ಲ. ಬೆರಳು ಮಾತ್ರ ಪರದೆಯನ್ನು ಆಗಾಗ ಒರೆಸುತ್ತಿತ್ತು, ಗೆರೆಗಳ ಕೆಳಗೆ ಇನ್ನೇನಾದರೂ ಇದ್ದೀತು ಅನ್ನುವ ಹಾಗೆ.

"ಇದೂ ಒಣಮರಾನೇ ಬಿಡು," ಎಂದಳು ಪಿಸುಅತ್ತೆ ಕೊನೆಗೆ. "ಎಲೆ ಜಾಗದಲ್ಲಿ ಗೆರೆ ಹಾಕಿದೀಯ ಅಷ್ಟೆ."

ಪುಟ್ಟಿ ನಕ್ಕಳು. ಆಮೇಲೆ ಕೇಳಿದಳು: "ಅವಳಿಲ್ಲಿ ಸುಮ್ನೆ ನಿಂತಿರೋದು ಮರೆತು ನಿಂತ ಹಾಗೆ ಕಾಣತ್ತಾ? ವಿರಾಮಕ್ಕೂ ಮರೆವಿಗೂ ವ್ಯತ್ಯಾಸ ನಿನಗೆ ಹೇಗೆ ಗೊತ್ತಾಗ್ತಿತ್ತು ಅತ್ತೆ?"

"ಕಣ್ಣು ನೋಡಿ. ವಿರಾಮ ತಗೊಂಡೋರ ಕಣ್ಣು ಎದುರಿನ ಪಾತ್ರದ ಮೇಲಿರತ್ತೆ. ಮರೆತೋರ ಕಣ್ಣು ನನ್ನ ಕಡೆ ಬರತ್ತೆ."

ಅದೇ ದಿನ ಮಧ್ಯಾಹ್ನ ಹಾಲಿನ ಹಿಂಬಾಗಿಲ ಮೆಟ್ಟಿಲ ಮೇಲೆ ಎಲ್ಲರಿಗೂ ಚಹಾ ಬಂತು. ಬಡಗಿ ಬಸ್‌ಸ್ಟಾಪಿನ ಕಂಬಕ್ಕೆ ಉಜ್ಜುಕಾಗದ ಹಾಕುತ್ತಿದ್ದ. ಅವನ ಸ್ವಭಾವವೆಂದರೆ ಯಾರ ಜೊತೆ ಮಾತಾಡಿದರೂ ನೋಡುವುದು ಕೈಯಲ್ಲಿನ ಮರದ ತುಂಡನ್ನೇ. ಮದುವೆಯ ಗೊಡವೆಗೆ ಹೋಗದೆ ತಾಯಿಯನ್ನು ಕೊನೆಯವರೆಗೆ ನೋಡಿಕೊಂಡು, ಈಗ ಅಂಗಡಿಸಾಲಿನ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ.

"ಬಡಗಿಯವರೇ, ಮುಂದೇನು ಮಾಡ್ತೀರಿ?" ಎಂದು ಯುವರಾಜ ಕೇಳಿದ.

"ತಂಗಿ ಊರಿಗೆ ಹೋಗ್ತೀನಿ. ಕೊನೇ ಷೋ ಆದ ಬೆಳಗ್ಗೆ ಬಸ್ಸಿದೆ," ಎಂದ ಬಡಗಿ, ಕಂಬಕ್ಕೆ. ಯುವರಾಜ ಲೋಟ ತೊಳೆಯಲು ಹೋದ. ಬಡಗಿ ಕೈ ನಿಲ್ಲಿಸಿದ. "ಪುಸ್ತಕದವರೇ," ಎಂದ. ಮುಂದೆ ಮಾತು ಬರಲಿಲ್ಲ. ಹಾಗೆ ನಿಂತಾಗ, ಎಂದೂ ಇಲ್ಲದ ಹಾಗೆ, ಕಂಬದಿಂದ ಕಣ್ಣು ಕಿತ್ತು ಅವಳ ಕಡೆ ನೋಡಿದ.

ಪಿಸುಅತ್ತೆ ಚಹಾ ಲೋಟವನ್ನು ಮೆಟ್ಟಿಲ ಮೇಲಿಟ್ಟಳು. ಆ ಕಣ್ಣು ಅವಳಿಗೆ ಚೆನ್ನಾಗಿ ಗೊತ್ತು. ಎಷ್ಟು ಸೇನಾಪತಿಗಳದು, ಎಷ್ಟು ಯುವರಾಜರದು ನೋಡಿದ್ದಳು! ಇದು ವಿರಾಮ ತೆಗೆದುಕೊಂಡವನ ಕಣ್ಣಲ್ಲ. ಮಾತು ಕೈಕೊಟ್ಟು ಗೂಡಿನ ಕಡೆ ತಿರುಗಿದ ನಟನ ಕಣ್ಣು. ಅಂದೂ, ಆ ಕಾಡಿನ ಹಾಡಿನ ಹೊತ್ತಿನಲ್ಲೂ, ಅವನು ಹೀಗೇ ತಿರುಗಿ ನೋಡಿರಬೇಕು. ಕತ್ತಲಲ್ಲಿ ಅವಳಿಗೆ ಕಂಡಿರಲಿಲ್ಲ.

ಇಡೀ ಊರಿಗೆ ಸಾಲು ಎತ್ತಿಕೊಟ್ಟವಳು ಪಕ್ಕದಲ್ಲಿ ಕೂತವನನ್ನು ಇಷ್ಟು ವರ್ಷ ನಡುರಂಗದಲ್ಲಿ ಬಿಟ್ಟುಬಿಟ್ಟಿದ್ದಳು.

ಈಗ ಗೊತ್ತಾಯಿತಲ್ಲ, ಕೇಳಿಬಿಡಬಹುದಿತ್ತು. ಆದರೆ ಅವಳಿಗೆ ಹಗಲಿನಲ್ಲಿ ಸ್ವಂತ ಮಾತು ಆಡುವ ಅಭ್ಯಾಸವೇ ಇರಲಿಲ್ಲ. ಒಂದು ದಿನ ಅವನ ಕಾರ್ಖಾನೆ ಕೋಣೆಗೆ ಹೋಗಿ "ಗೂಡಿನ ಮೊಳೆ ಸಡಿಲ ಆಗಿದೆ" ಎಂದು ಬಂದಳು. ಅವನು ತಕ್ಷಣ ಸುತ್ತಿಗೆ ತಂದು ಮೊಳೆ ಹೊಡೆದ. ಮಾರನೆಯ ದಿನ "ಸ್ಟೂಲು ಅಲ್ಲಾಡ್ತಿದೆ" ಎಂದಳು. ಅದೂ ರಿಪೇರಿಯಾಯಿತು. ಆ ವಾರ ಅವಳ ಕೋಣೆಯ ಬಾಗಿಲು, ಕಿಟಕಿಯ ಚಿಲಕ, ಚೆನ್ನಾಗಿಯೇ ಇದ್ದ ಮಂಚದ ಕಾಲು, ಎಲ್ಲವೂ ದುರಸ್ತಿಯಾದವು. ಕೆಟ್ಟದ್ದು ಮಾತ್ರ ಹಾಗೇ ಉಳಿಯಿತು.

ಕೊನೆಯ ಪ್ರದರ್ಶನಕ್ಕೆ ಹಾಲು ತುಂಬಿತು. ಮುಗಿಯುತ್ತದೆ ಅಂದರೆ ಎಲ್ಲಕ್ಕೂ ಜನ ಬರುತ್ತಾರೆ. ಪುಟ್ಟಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ರಂಗದಡಿಯ ಬಾಗಿಲು ಮುಚ್ಚಿತು. ಬಡಗಿ ತನ್ನ ಸ್ಟೂಲಿನ ಪಕ್ಕ ಒಂದು ಚೀಲ ಇಟ್ಟುಕೊಂಡಿದ್ದ. ಉಳಿ, ಸುತ್ತಿಗೆ, ಕೀಸುಳಿ ಎಲ್ಲ ಕಟ್ಟಿಯಾಗಿತ್ತು. ಪಿಸುಅತ್ತೆಯ ಕಾಲಿಗೆ ಆ ಚೀಲ ತಾಗುತ್ತಿತ್ತು. ಮೊದಲನೆಯ ಅಂಕ ಪೂರ್ತಿ ತಾಗುತ್ತಲೇ ಇತ್ತು.

ಎರಡನೆಯ ಅಂಕ. ಯುವರಾಜ ಮಂಡಿಯೂರಿ, ಅಳತೆ ತೆಗೆದುಕೊಳ್ಳುವವನಂತೆ ರಾಣಿಯಮ್ಮನ ಪಾದದ ಬಳಿ ಬಾಗಿ, "ನೀನಿಲ್ಲದ ನಾಳೆಯನ್ನು ನಾನು ಹೇಗೆ ಬದುಕಲಿ?" ಎಂದ. ಇಲ್ಲಿ ಪುಸ್ತಕದಲ್ಲಿ ದೀರ್ಘ ವಿರಾಮ. ಆಮೇಲೆ ರಾಣಿಯಮ್ಮ ಹೋಗು ಅನ್ನಬೇಕು.

ನಾಳೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಪಿಸುಅತ್ತೆ ಪುಸ್ತಕ ಮುಚ್ಚಿದಳು. ಪಕ್ಕದ ಕತ್ತಲಿಗೆ ತಿರುಗಿದಳು.

"ನಾಳೆ ಬಸ್ಸಿಗೆ ಹೋಗ್ತೀರಂತಲ್ಲ," ಎಂದಳು.

ಗೂಡು ತನ್ನ ಕೆಲಸ ಮಾಡಿತು. ಮಾತು ನೇರ ಮೇಲೆ ಹೋಯಿತು. ರಾಣಿಯಮ್ಮ ಒಳ್ಳೆಯ ಕಿವಿಯನ್ನು ಈ ಕಡೆಗೇ ಇಟ್ಟುಕೊಂಡಿದ್ದಳು. ಸೆರಗು ಸರಿಮಾಡಿಕೊಂಡು, ಹಾಲಿನ ಕೊನೆಯ ಗೋಡೆಗೆ ತಲುಪುವಂತೆ ನುಡಿದಳು:

"ನಾಳಿನ ಬಸ್ಸಿಗೆ ತೆರಳುವಿರಂತಲ್ಲ!"

ಯುವರಾಜನಿಗೆ ತನ್ನ ಉತ್ತರ ಯಾವುದೆಂದು ಗೊತ್ತಾಗಲಿಲ್ಲ. ಗೂಡಿನ ಕಡೆ ನೋಡಿದ. ಗೂಡಿನಿಂದ ಒಂದು ಗೊಗ್ಗರು ದನಿ ಬಂತು: "ಹೂಂ. ತಂಗಿ ಮನೇಲಿ ಒಂದು ರೂಮು ಖಾಲಿ ಇದೆ."

"ಹೌದು ದೇವಿ," ಎಂದ ಯುವರಾಜ ಎದೆಯ ಮೇಲೆ ಕೈಯಿಟ್ಟು. "ತಂಗಿಯ ನಿವಾಸದಲ್ಲಿ ಕೋಣೆಯೊಂದು ಬರಿದಾಗಿದೆ."

ಮೇಲಂತಸ್ತಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಗ ಪಿಸುಅತ್ತೆಗೆ ಏನಾಗುತ್ತಿದೆಯೆಂದು ಅರ್ಥವಾಯಿತು. ರಾಣಿಯಮ್ಮನ ಮುಖ ಮುಂದಿನ ಸಾಲಿಗೆ ಹಸಿದು ನಿಂತಿತ್ತು. ಪುಸ್ತಕ ತೆರೆದು "ಹೋಗು" ಅಂದರೆ ಸಾಕು, ನಾಟಕ ಹಳಿಗೆ ಬರುತ್ತದೆ. ಯುವರಾಜ ಹೋಗುತ್ತಾನೆ. ಬೆಳಗಿನ ಬಸ್ಸೂ ಹೋಗುತ್ತದೆ. ಅವಳು ಪುಸ್ತಕವನ್ನು ಸ್ಟೂಲಿನ ಕೆಳಗೆ ಹಾಕಿದಳು.

"ನನ್ನ ರೂಮಲ್ಲಿ ಎರಡು ಕುರ್ಚಿ ಇವೆ. ಒಂದರ ಮೇಲೆ ಯಾವಾಗ್ಲೂ ಬಟ್ಟೆ ಬಿದ್ದಿರತ್ತೆ. ತೆಗೀಬಹುದು."

"ನನ್ನ ಅಂತಃಪುರದಲ್ಲಿ ಆಸನಗಳೆರಡು," ಎಂದಳು ರಾಣಿಯಮ್ಮ ಆಕಾಶ ನೋಡುತ್ತ. "ಒಂದರ ಮೇಲೆ ಸದಾ ವಸ್ತ್ರಗಳು ಬಿದ್ದಿರುತ್ತವೆ. ಅವನ್ನು... ತೆಗೆಯಬಹುದು."

ಹಾಲು ಗೊಳ್ಳೆಂದು ನಗಲು ಬಾಯಿ ತೆರೆದದ್ದು, ಏಕೋ ಅರ್ಧಕ್ಕೇ ಮುಚ್ಚಿಕೊಂಡಿತು.

"ಅವತ್ತು ಒಂದು ಮಾತು ಶುರು ಮಾಡಿ ನಿಲ್ಲಿಸಿಬಿಟ್ರಿ. ಏನದು?" ಎಂದಳು ಪಿಸುಅತ್ತೆ. ರಾಣಿಯಮ್ಮನೂ ಕೇಳಿದಳು.

"ಮಾತು ಗೊತ್ತಿತ್ತು. ಹೇಳೋದು ಹೇಗಂತ ಮರೆತುಹೋಯ್ತು. ನೀವು ಎತ್ತಿಕೊಡ್ತೀರೇನೋ ಅಂತ ಕಾಯ್ತಾ ಇದ್ದೆ," ಎಂದ ಬಡಗಿ. ಯುವರಾಜ ಇದನ್ನು ಅಲಂಕಾರ ಮಾಡಲು ಹೋಗದೆ ಬಂದಂತೆಯೇ ಹೇಳಿದ. ಅವನ ದನಿಯೂ ಗೊಗ್ಗರಾಗಿತ್ತು.

"ನೀವು ವಿರಾಮ ತಗೊಂಡಿದೀರ ಅನ್ಕೊಂಡೆ."

"ಇಷ್ಟುದ್ದ ವಿರಾಮ ಯಾರಾದ್ರೂ ತಗೋತಾರಾ, ಪುಸ್ತಕದವರೇ?"

"ಇಷ್ಟು ದೀರ್ಘ ವಿರಾಮವನ್ನು ಯಾರಾದರೂ ತೆಗೆದುಕೊಳ್ಳುವರೇ, ಪುಸ್ತಕದವಳೇ!" ಎಂದ ಯುವರಾಜ. ಪುಸ್ತಕದವಳು ಯಾರೆಂದು ಸಭೆಗೆ ತಿಳಿಯಲಿಲ್ಲ. ಯಾರೂ ಕೇಳಲೂ ಇಲ್ಲ.

"ಇಲ್ಲೇ ಇರ್ತೀರಾ?" ಎಂದಳು ಪಿಸುಅತ್ತೆ.

ಉತ್ತರ ಬರಲಿಲ್ಲ. ಕತ್ತಲಲ್ಲಿ ಅವನ ಉಸಿರು ಮಾತ್ರ ಕೇಳುತ್ತಿತ್ತು. ಮೇಲೆ ಯುವರಾಜ ಬಾಯಿ ತೆರೆದು ನಿಂತಿದ್ದ, ರಾಣಿಯಮ್ಮ ಕೈ ಚಾಚಿ ನಿಂತಿದ್ದಳು, ಇಡೀ ಹಾಲು ಮುಂದಕ್ಕೆ ಬಾಗಿತ್ತು. ಈ ಸಲ ಪಿಸುಅತ್ತೆ ಕಣ್ಣು ನೋಡಲು ಕಾಯಲಿಲ್ಲ.

"ಇರ್ತೀನಿ ಅನ್ನಿ," ಎಂದು ಎತ್ತಿಕೊಟ್ಟಳು.

"ಇರ್ತೀನಿ," ಎಂದ ಬಡಗಿ.

"ಇರುತ್ತೇನೆ!" ಎಂದ ಯುವರಾಜ.

ಆಮೇಲೆ ಎದ್ದ ಗದ್ದಲದಲ್ಲಿ, ತನ್ನ ನಾಟಕ ಕೈತಪ್ಪಿ ಹೋಗುತ್ತಿದೆಯೆಂದು ಮೊದಲು ಎಚ್ಚೆತ್ತವಳು ರಾಣಿಯಮ್ಮ. ಗೂಡಿನ ಕಾನೂನನ್ನು ಅವಳು ಮುರಿದದ್ದು ಅದೇ ಮೊದಲು. "ಇರುವುದಾದರೆ ಸಂತೋಷವೇ," ಎಂದಳು ಯುವರಾಜನ ತೋಳು ಹಿಡಿದು ಬಾಗಿಲ ಕಡೆ ದೂಡುತ್ತ. "ಆದರೂ ಮರ ಹೂ ಬಿಡುವವರೆಗೆ ಸ್ವಲ್ಪ ಹೊರಗೆ ಹೋಗಿ ಬಾ."

ಪರದೆ ಬಿತ್ತು. ಪುಟ್ಟಿ ಬಾಗಿಲು ತೆರೆದು ರಂಗದಡಿಗೆ ಬಗ್ಗಿಕೊಂಡೇ ಓಡಿಬಂದಳು.

"ಅತ್ತೆ, ಏನ್ ಮಾಡ್ಬಿಟ್ಟೆ?"

"ಮರೆತಿದ್ರು. ಸಾಲು ಕೊಟ್ಟೆ," ಎಂದಳು ಪಿಸುಅತ್ತೆ.

"ನನ್ನ ನಾಟಕದ ಕೊನೇ ದೃಶ್ಯ ಅದು! ಬಸ್ಸು, ಬಾಗಿಲು, ಪ್ರಶ್ನೆ, ಎಲ್ಲಾ! ಇನ್ನು ನಾನೇನು ತೋರಿಸ್ಲಿ?" ಅನ್ನುತ್ತಲೇ ಪುಟ್ಟಿಯ ಕನ್ನಡಕ ಮಂಜಾಯಿತು. ಬಡಗಿ ಇಬ್ಬರನ್ನೂ ನೋಡಲಾರದೆ ಹಗ್ಗದ ಗಂಟು ಪರೀಕ್ಷಿಸುತ್ತಿದ್ದ.

ಅಷ್ಟರಲ್ಲಿ ಹದಿನೆಂಟರ ಲಂಗ ಎತ್ತಿ ಹಿಡಿದು ರಾಣಿಯಮ್ಮ ಇಳಿದು ಬಂದಳು. "ಇವರ ಸಂಸಾರ ಆಮೇಲೆ ನೋಡ್ಕೊಳ್ಳೋಣ. ನನ್ನ ಕಲ್ಲಿನ ಗತಿ ಏನು?"

"ರಾಣಿಯಮ್ಮ, ಯುವರಾಜ ಇರ್ತೀನಿ ಅಂದ್ಮೇಲೆ ನೀವು ಯಾಕೆ ಕಲ್ಲಾಗ್ತೀರಿ?" ಎಂದಳು ಪುಟ್ಟಿ.

"ಅದೆಲ್ಲಾ ನನಗೆ ಗೊತ್ತಿಲ್ಲ. ಇವತ್ತು ಕೊನೇ ದಿನ. ಕಲ್ಲಾಗದೆ ನಾನು ಮನೆಗೆ ಹೋಗಲ್ಲ."

ಯಾರಿಗೂ ಎದುರಾಡುವ ಧೈರ್ಯವಾಗಲಿಲ್ಲ. ನಾಟಕ ಮುಂದುವರಿಯಿತು. ಇರುತ್ತೇನೆಂದು ಒಪ್ಪಿದ ಯುವರಾಜ, ತರಕಾರಿ ತರಲು ಹೋದವನಷ್ಟು ನಿಶ್ಚಿಂತೆಯಿಂದ ಕಾಡಿನಲ್ಲಿ ಹಾಡಿದ. ಇರುತ್ತೇನೆಂದವನಿಗಾಗಿ ರಾಣಿಯಮ್ಮ ಕಾರಣವೇ ಇಲ್ಲದೆ ಕಿಟಕಿಯಲ್ಲಿ ಕೂತು ಕಾದಳು. ಎಷ್ಟು ಚೆನ್ನಾಗಿ ಕಾದಳೆಂದರೆ, ಎರಡನೆಯ ಅಂಕದಲ್ಲಿ ನಕ್ಕವರೆಲ್ಲ ಕರವಸ್ತ್ರ ಹುಡುಕಿದರು. ಕಾಯುವುದಕ್ಕೆ ಕಾರಣ ಬೇಕೆಂದು ಯಾರಿಗೂ ಅನಿಸಲಿಲ್ಲ. ಹಿಂದಿನ ಗೋಡೆಯ ಬಳಿ ಪುಟ್ಟಿಯೂ ಅತ್ತಳು. ಅತ್ತದ್ದಕ್ಕೆ ಅವಳಿಗೇ ಸಿಟ್ಟು ಬಂತು.

ಐದನೆಯ ಅಂಕ ಬಂತು. ರಂಗದಡಿಯಲ್ಲಿ ಪಿಸುಅತ್ತೆ ಬಡಗಿಯ ಬಲಗೈ ಮಣಿಕಟ್ಟು ಹಿಡಿದುಕೊಂಡಳು. ಮೇಲೆ ರಾಣಿಯಮ್ಮ ಕೊನೆಯ ಮಾತು ಆಡಿ, ಒಂದು ಕೈ ಎದೆಗೆ, ಇನ್ನೊಂದು ಗಾಳಿಗೆ ಇಟ್ಟು, ನಿಧಾನವಾಗಿ ಕಲ್ಲಾದಳು. ಅಷ್ಟು ಒಳ್ಳೆಯ ಕಲ್ಲು ಅವಳು ಎಂದೂ ಆಗಿರಲಿಲ್ಲ.

ಮರ ಹೂ ಬಿಡಲಿಲ್ಲ.

"ಪುಸ್ತಕದವರೇ," ಎಂದ ಬಡಗಿ ಮೆಲ್ಲಗೆ. "ಕೈ."

"ಗೊತ್ತು," ಎಂದಳು ಪಿಸುಅತ್ತೆ.

ಕಲ್ಲಿನ ತುಟಿಗಳು ಅಲುಗದೆಯೇ "ಹೂವು... ಹೂವು..." ಎಂದವು. ಪಕ್ಕದ ಪರದೆಯ ಮರೆಯಲ್ಲಿ ಯುವರಾಜ ಓಡಿಬರಲು ಒಂದು ಕಾಲು ಎತ್ತಿ ನಿಂತಿದ್ದ. ಬಡಗಿ ಇನ್ನೂ ಸ್ವಲ್ಪ ಹೊತ್ತು ನೋಡಿದ. ಅವಳು ಬಲಗೈ ಬಿಡುವ ಲಕ್ಷಣ ಕಾಣಲಿಲ್ಲ. ಬಿಡಿಸಿಕೊಳ್ಳಲು ಅವನೂ ಪ್ರಯತ್ನ ಮಾಡಲಿಲ್ಲ. ಎಡಗೈಯಲ್ಲಿದ್ದ ಹಗ್ಗವೊಂದನ್ನೇ ಎಳೆದ.

ಅರ್ಧ ಮರ ಹೂ ಬಿಟ್ಟಿತು. ಇನ್ನರ್ಧ ಒಣಗಿಯೇ ನಿಂತಿತು. ಯುವರಾಜ ಓಡಿಬಂದು, ಮರದ ಯಾವ ಅರ್ಧವನ್ನು ನಂಬಬೇಕೆಂದು ತಿಳಿಯದೆ, ಗೂಡಿನ ಕಡೆ ನೋಡಿದ. ಗೂಡಿನಿಂದ ಯಾವ ಸಾಲೂ ಬರಲಿಲ್ಲ.